ಯಾವ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಹೇಳುವ ಟೂಲ್ ಬರೆಯಬಹುದೇ?

ಪ್ರತಿ ಹೆಜ್ಜೆಗೂ ವೇರಿಯಬಲ್‌ಗಳ ಬೆಲೆ ಉಳಿಸಿಕೊಳ್ಳುವುದು, ಅದೇ ಸ್ಥಿತಿ ಮತ್ತೆ ಬಂದರೆ ‘ನಿಲ್ಲುವುದಿಲ್ಲ’ ಅನ್ನುವುದು, ಬಾರದಿದ್ದರೆ ಒಂದು ಗಂಟೆ ಕಾದು ಆಗಲೂ ಹಾಗೇ ಅನ್ನುವುದು. ನಿಮ್ಮ ಯೋಜನೆ ಇದು. ನಾನೂ ಶುರುಮಾಡಿದ್ದು ಇಲ್ಲಿಂದಲೇ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ: ಮೊದಲರ್ಧ ಸರಿ, ಆ ಒಂದು ಗಂಟೆಯ ಮಾತು ತಪ್ಪು.

ಹೊರಗಿನ ಇನ್‌ಪುಟ್ ಇಲ್ಲದ ಪ್ರೋಗ್ರಾಂನ ಇಡೀ ಸ್ಥಿತಿ ಎರಡನೇ ಸಲ ಬಂದರೆ ಅದು ಸುತ್ತುತ್ತಲೇ ಇರುತ್ತದೆ, ಅನುಮಾನವೇ ಬೇಡ. ಆದರೆ ಇಡೀ ಸ್ಥಿತಿ ಅಂದರೆ ವೇರಿಯಬಲ್‌ಗಳಷ್ಟೇ ಅಲ್ಲ. ಸ್ಟ್ಯಾಕ್ ಮತ್ತು ಹೀಪ್ (ಪ್ರೋಗ್ರಾಂ ಬಳಸುವ ಮೆಮೊರಿಯ ಎರಡು ಭಾಗಗಳು), ಈಗ ಯಾವ ಸಾಲಿನಲ್ಲಿದೆ ಅನ್ನುವುದು, ರ‍್ಯಾಂಡಮ್ ಜನರೇಟರ್‌ನ ಒಳಗಿನ ಸಂಖ್ಯೆ, ಎಲ್ಲವೂ ಸೇರಬೇಕು. ಒಂದು ಬಿಟ್ಟರೂ ನಿಲ್ಲುವ ಪ್ರೋಗ್ರಾಂ ಮೇಲೆ ಸುಳ್ಳು ಆರೋಪ ಬೀಳುತ್ತದೆ.

ಮರುಕಳಿಸದೆಯೂ ನಿಲ್ಲದಿರುವ ಪ್ರೋಗ್ರಾಂಗಳೂ ಇವೆ. ಮಿತಿಯಿಲ್ಲದ ಪೂರ್ಣಾಂಕಕ್ಕೆ ಒಂದೊಂದೇ ಕೂಡಿಸುತ್ತ ಹೋಗುವ ಲೂಪ್‌ನಲ್ಲಿ ಯಾವ ಸ್ಥಿತಿಯೂ ಎರಡು ಸಲ ಬರುವುದಿಲ್ಲ. ‘ಮೆಮೊರಿಗೆ ಮಿತಿ ಇದೆಯಲ್ಲ, ಎಂದಾದರೂ ಮರುಕಳಿಸಲೇಬೇಕು’ ಎಂದರೆ, ಸಿದ್ಧಾಂತದಲ್ಲಿ ಸರಿ. ಆದರೆ 1 ಕಿಲೋಬೈಟ್ ಎಂದರೆ 8192 ಬಿಟ್. ಅದರ ಸ್ಥಿತಿಗಳ ಸಂಖ್ಯೆ 2ರ 8192ನೇ ಘಾತ, 2467 ಅಂಕಿಗಳ ಸಂಖ್ಯೆ. ಅಷ್ಟೂ ಸ್ಥಿತಿ ಮುಗಿಯುವವರೆಗೆ ಕಾಯುವುದು ಯಾರಿಂದಲೂ ಆಗದು.

ಈಗ ಆ ಒಂದು ಗಂಟೆ. ‘ಇನ್ನೂ ನಿಂತಿಲ್ಲ’ ಎಂಬುದನ್ನು ‘ನಿಲ್ಲುವುದೇ ಇಲ್ಲ’ ಎಂದು ಓದಿಕೊಳ್ಳುವುದೇ ಈ ವಿಷಯದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು. ಎರಡೇ ಚಿಹ್ನೆ ಬಳಸುವ, ಖಾಲಿ ಟೇಪಿನಿಂದ ಶುರುವಾಗುವ ಟ್ಯೂರಿಂಗ್ ಯಂತ್ರಗಳನ್ನು ನೋಡಿ. ಇವು ಟೇಪಿನ ಮೇಲೆ ಓದಿ ಬರೆಯುವ, ಕಾಗದದ ಮೇಲಿನ ಸರಳ ಕಂಪ್ಯೂಟರ್‌ಗಳು; ಇಲ್ಲಿ ‘ಸ್ಥಿತಿ’ ಎಂದರೆ ಯಂತ್ರದ ನಿಯಮಪಟ್ಟಿಯ ಒಂದು ಹಂತ, ಮೇಲೆ ಹೇಳಿದ ಇಡೀ ಸ್ಥಿತಿಯಲ್ಲ. ನಾಲ್ಕು ಸ್ಥಿತಿಯ ಯಂತ್ರಗಳಲ್ಲಿ ನಿಲ್ಲುವಂಥವು ಹೆಚ್ಚೆಂದರೆ 107 ಹೆಜ್ಜೆ ಓಡುತ್ತವೆ. ಐದು ಸ್ಥಿತಿಯಾದರೆ 4,71,76,870. ಅಷ್ಟು ಓಡಿ ನಿಲ್ಲುವ ಯಂತ್ರ 1989ರಲ್ಲೇ ಸಿಕ್ಕಿತ್ತು. ಅದಕ್ಕಿಂತ ಹೆಚ್ಚು ಓಡಿ ನಿಲ್ಲುವುದು ಇಲ್ಲವೆಂದು ಸಾಧಿಸಿದ್ದು 2024ರಲ್ಲಿ, ಮಿಕ್ಕ ಯಂತ್ರಗಳು ಯಾಕೆ ನಿಲ್ಲುವುದಿಲ್ಲ ಎಂದು ಕಂಪ್ಯೂಟರ್ ಪರಿಶೀಲಿಸಿದ ಪುರಾವೆಯೊಂದಿಗೆ. ಆರಕ್ಕೆ ಹೋದರೆ ಗೊತ್ತಿರುವ ಕೆಳಮಿತಿಯೇ 10ರ ಮೇಲೆ 10 ಎಂದು 15 ಹಂತ ಪೇರಿಸಿದ ಘಾತವನ್ನು ಮೀರುತ್ತದೆ. ನಿಮ್ಮ ಗಂಟೆಯನ್ನು ವರ್ಷ ಮಾಡಿದರೂ ಇಲ್ಲಿ ಏನೂ ಬದಲಾಗದು. ಇನ್ನೊಂದು ಉದಾಹರಣೆ: 4ರಿಂದ ಶುರುಮಾಡಿ, ಎರಡು ಅವಿಭಾಜ್ಯಗಳ ಮೊತ್ತವಾಗದ ಸಮಸಂಖ್ಯೆ ಸಿಕ್ಕ ಕೂಡಲೇ ನಿಲ್ಲು ಎಂಬ ಹತ್ತು ಸಾಲಿನ ಪ್ರೋಗ್ರಾಂ. ಅದು ನಿಲ್ಲುತ್ತದೆಯೇ ಎಂದು ಹೇಳಬಲ್ಲವರು ಅಂಥ ಸಮಸಂಖ್ಯೆ ಇಲ್ಲವೇ ಇಲ್ಲ ಎನ್ನುವ, 1742ರಿಂದ ಬಾಕಿ ಇರುವ ಗೋಲ್ಡ್‌ಬಾಕ್ ಊಹೆಯನ್ನೇ ಬಿಡಿಸಿದಂತೆ.

ಟೈಮ್‌ಔಟ್ (ಇಷ್ಟು ಹೊತ್ತು ಕಾದು ಕೈಬಿಡುವ ಮಿತಿ) ಬಿಟ್ಟು ಬೇರೆ ಜಾಣತನ ಹೂಡಿದರೂ ಪೂರ್ಣ ಟೂಲ್ ಆಗದು. 1936ರ ಅಲನ್ ಟ್ಯೂರಿಂಗ್ ಪ್ರಬಂಧದಿಂದ ಬಂದ ವಾದ ಇಂದಿನ ರೂಪದಲ್ಲಿ ಹೀಗಿದೆ. ಎಂದೂ ತಪ್ಪದೆ ತೀರ್ಪು ಹೇಳುವ ನಿಮ್ಮ ಟೂಲ್ ಇದೆ ಎಂದಿಟ್ಟುಕೊಳ್ಳಿ. ಅದನ್ನು ಒಳಗಿಟ್ಟುಕೊಂಡು ‘ಉಲ್ಟಾ’ ಎಂಬ ಪ್ರೋಗ್ರಾಂ ಬರೆಯುತ್ತೇನೆ. ಅದಕ್ಕೆ ಒಂದು ಪ್ರೋಗ್ರಾಂ ಕೊಟ್ಟರೆ, ‘ಇದಕ್ಕೆ ಇದರ ಕೋಡನ್ನೇ ಇನ್‌ಪುಟ್ ಕೊಟ್ಟರೆ ನಿಲ್ಲುತ್ತದೆಯೇ?’ ಎಂದು ಟೂಲನ್ನು ಕೇಳುತ್ತದೆ. ನಿಲ್ಲುತ್ತದೆ ಎಂದರೆ ತಾನು ಸುತ್ತುತ್ತದೆ, ನಿಲ್ಲುವುದಿಲ್ಲ ಎಂದರೆ ತಾನು ನಿಲ್ಲುತ್ತದೆ. ಈಗ ಉಲ್ಟಾಗೆ ಉಲ್ಟಾವನ್ನೇ ಕೊಡಿ. ಟೂಲ್ ಯಾವ ಉತ್ತರ ಹೇಳಿದರೂ ಸುಳ್ಳು. ಉಲ್ಟಾ ಒಂದಕ್ಕೆ ವಿನಾಯಿತಿ ಬರೆದುಬಿಡುತ್ತೇನೆ ಅನ್ನಬೇಡಿ: ತಿದ್ದಿದ ಟೂಲ್ ಹೊಸ ಟೂಲ್, ಅದಕ್ಕೆ ಅದರದೇ ಹೊಸ ಉಲ್ಟಾ. ವೇಷ ಮರೆಸಿಕೊಂಡ ಉಲ್ಟಾಗಳನ್ನೆಲ್ಲ ಗುರುತು ಹಿಡಿಯುವುದೂ ಅಸಾಧ್ಯವೆಂದು ಪ್ರೋಗ್ರಾಂಗಳ ನಡವಳಿಕೆಯನ್ನು ಕುರಿತ, 1953ರಲ್ಲಿ ಪ್ರಕಟವಾದ ರೈಸ್ ಪ್ರಮೇಯ ಹೇಳುತ್ತದೆ.

ಆದ್ದರಿಂದ ‘ಸಾಧ್ಯವೇ’ ಎಂಬ ಪ್ರಶ್ನೆಯನ್ನೇ ಕೈಬಿಡಿ. ಎರಡು ಉತ್ತರದ ಟೂಲ್ ಬದಲು ಮೂರು ಉತ್ತರದ್ದು ಬರೆಯಿರಿ: ನಿಲ್ಲುತ್ತದೆ, ನಿಲ್ಲುವುದಿಲ್ಲ, ಗೊತ್ತಿಲ್ಲ. ‘ನಿಲ್ಲುವುದಿಲ್ಲ’ಕ್ಕೆ ನಿಮ್ಮ ಸ್ಥಿತಿ ಮರುಕಳಿಕೆಯೇ ಒಳ್ಳೆಯ ಆರಂಭ. ‘ನಿಲ್ಲುತ್ತದೆ’ ಎನ್ನಲು ಪ್ರತಿ ಲೂಪ್‌ಗೂ ಒಂದು ಅಳತೆ ಹುಡುಕಿ: ಸೊನ್ನೆಗಿಂತ ಕೆಳಗಿಳಿಯದ ಪೂರ್ಣಾಂಕವಾಗಿರಬೇಕು, ಪ್ರತಿ ಸುತ್ತಿಗೂ ಕನಿಷ್ಠ ಒಂದಾದರೂ ಇಳಿಯಬೇಕು. ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಹುಡುಕುವ ಯೂಕ್ಲಿಡ್‌ನ ಲೂಪ್‌ನಲ್ಲಿ ಪ್ರತಿ ಸುತ್ತಿನ ಶೇಷವೇ ಆ ಅಳತೆ.

ಎಡವುವುದು ಸಂಖ್ಯೆಗಳ ಜಾತಿಯಲ್ಲಿ. 1.0ನ್ನು ಸೊನ್ನೆಗಿಂತ ದೊಡ್ಡದಿರುವವರೆಗೂ ಅರ್ಧ ಮಾಡುತ್ತ ಹೋದರೆ ಗಣಿತದಲ್ಲಿ ಕೊನೆಯಿಲ್ಲ, 64 ಬಿಟ್‌ನ ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಾಂಶ ಸಂಖ್ಯೆಗಳನ್ನು ಸೀಮಿತ ನಿಖರತೆಯಲ್ಲಿ ಇಡುವ ರೂಪ) ಮಾತ್ರ 1075ನೇ ಭಾಗಾಕಾರಕ್ಕೆ ಸೊನ್ನೆಯಾಗಿ ಲೂಪ್ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ಚಿಹ್ನೆಯಿಲ್ಲದ (ಋಣ ಬೆಲೆಯೇ ಇರದ) ಪೂರ್ಣಾಂಕವನ್ನು ‘ಸೊನ್ನೆ ಅಥವಾ ಹೆಚ್ಚು ಇರುವವರೆಗೆ’ ಇಳಿಸುವ ಲೂಪ್ ಕಣ್ಣಿಗೆ ನಿಲ್ಲುವಂತೆ ಕಂಡರೂ ನಿಲ್ಲದು. ಸೊನ್ನೆಯಿಂದ ಇಳಿದರೆ ಅದು ನೇರ ಗರಿಷ್ಠ ಬೆಲೆಗೆ ಹಾರುತ್ತದೆ.

‘ಗೊತ್ತಿಲ್ಲ’ ಬಂದಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಒಳಗೆ ಓಡಲು ಕಳಿಸಿದ ಚಿಕ್ಕ ಪ್ರೋಗ್ರಾಂಗಳನ್ನು ಮೊದಲೇ ಪರೀಕ್ಷಿಸುವ ಇಬಿಪಿಎಫ್ ವೆರಿಫೈಯರ್ ಮಾಡುವುದು ನನಗೆ ಸರಿ ಕಾಣುತ್ತದೆ: ನಿಲ್ಲುತ್ತದೆಂದು ತನಗೆ ಖಾತ್ರಿಯಾಗದ ಪ್ರೋಗ್ರಾಂ ಅನ್ನು ಅದು ಒಳಗೇ ಬಿಡುವುದಿಲ್ಲ. 2019ರ 5.3 ಆವೃತ್ತಿಗೆ ಮುಂಚೆ ಲೂಪ್‌ಗಳಿಗೇ ಅವಕಾಶವಿರಲಿಲ್ಲ. ಒಳ್ಳೆಯ ಪ್ರೋಗ್ರಾಂಗಳೂ ಕೆಲವೊಮ್ಮೆ ತಿರಸ್ಕೃತವಾಗುತ್ತವೆ, ಬರೆದವರು ಮಿತಿಯನ್ನು ಕೋಡಿನಲ್ಲೇ ಸ್ಪಷ್ಟವಾಗಿ ಕಾಣಿಸಿ ಮತ್ತೆ ಕಳಿಸಬೇಕಾಗುತ್ತದೆ.