ಕೊರೊನಾ ಲಾಕ್‌ಡೌನಿನ ದಿನಗಳಲ್ಲಿ ಬಂದಿದ್ದ ಪ್ರಶ್ನೆ, ಆಗ ಕೊಟ್ಟ ಉತ್ತರ: ಇಬ್ಬರಿಗೂ ಮನೆಯಿಂದಲೇ ಆಫೀಸು ಕೆಲಸ, ಮಕ್ಕಳಿಗೆ 3 ಮತ್ತು 5 ವರ್ಷ. ದಿನವನ್ನು ಹೇಗೆ ಸಾಗಿಸುವುದು?

ರಾತ್ರಿ ಮಲಗುವಾಗ ಹನ್ನೊಂದಾಗುತ್ತಿದೆ, ಮೀಟಿಂಗ್ ಇದ್ದಾಗಲೇ ಮಕ್ಕಳು ಬಾಗಿಲು ಬಡಿಯುತ್ತಾರೆ, ಇಡೀ ದಿನ ಮೊಬೈಲ್ ಕೇಳುತ್ತಾರೆ, ಗೋಡೆಗೆ ಅಂಟಿಸಿದ ವೇಳಾಪಟ್ಟಿ ಮೂರೇ ದಿನಕ್ಕೆ ಮೂಲೆ ಸೇರಿತು ಅಂತ ಬರೆದಿದ್ದೀರಿ. ವೇಳಾಪಟ್ಟಿಯ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಈ ವಯಸ್ಸಿನವರಿಗೆ ಗಡಿಯಾರ ತಿಳಿಯದು, 'ಇದಾದ ಮೇಲೆ ಅದು' ಅನ್ನುವುದಷ್ಟೇ ತಿಳಿಯುತ್ತದೆ. ಅದಕ್ಕೇ ನಾಲ್ಕು ಗೂಟ ಮಾತ್ರ ಗಟ್ಟಿಯಾಗಿ ನೆಡಿ: ಏಳುವುದು, ಊಟ, ಮೈ ದಣಿಯುವ ಆಟ, ಮಲಗುವುದು. ನಡುವಿನ ಹೊತ್ತು ಹೇಗೆ ಹೋದರೂ ಪರವಾಗಿಲ್ಲ.

ಮೊದಲು ನಿದ್ದೆ ಸರಿಮಾಡಿ. 3–4 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೆಚ್ಚಿನವರು ಇದನ್ನು ರಾತ್ರಿ ಕಡೆಯಿಂದ ಸರಿಮಾಡಲು ಹೋಗುತ್ತಾರೆ. ಒಂಬತ್ತಕ್ಕೇ ದೀಪ ಆರಿಸಿದರೆ ಮಗು ಎರಡು ಗಂಟೆ ಹೊರಳಾಡುತ್ತದೆ, ಎಲ್ಲರಿಗೂ ಸಿಟ್ಟು ಬರುತ್ತದೆ. ದೇಹದ ಗಡಿಯಾರ ತಿರುಗುವುದು ಬೆಳಗಿನ ಬೆಳಕಿನಿಂದ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಎಬ್ಬಿಸಿ, ತಕ್ಷಣ ಕಿಟಕಿ ಪರದೆ ಸರಿಸಿ ಬೆಳಕಿಗೆ ತನ್ನಿ. ಮಧ್ಯಾಹ್ನ ಮಲಗಿದ್ದರೆ ಗಡಿಯಾರದಲ್ಲಿ ಮೂರು ಹೊಡೆಯುವಷ್ಟರಲ್ಲಿ ಎಬ್ಬಿಸಿ. ಹನ್ನೊಂದರಿಂದ ಒಂಬತ್ತಕ್ಕೆ ಬರಲು ಸುಮಾರು ಮೂರು ವಾರ ಬೇಕು. ನಾಲ್ಕನೇ ದಿನಕ್ಕೆ ಏನೂ ಬದಲಾಗಲಿಲ್ಲ ಅಂತ ಬಿಟ್ಟುಬಿಡಬೇಡಿ.

ಇನ್ನು ಬಾಗಿಲು ಬಡಿಯುವುದು. ನಾನು ಒತ್ತಿ ಹೇಳಬೇಕಾದ ಮಾತು ಇದೇ: ಮಗು ಕೇಳುವ ಮೊದಲೇ ಗಮನ ಕೊಡಿ. ಅಪ್ಪ ಅಮ್ಮ ದಿನವಿಡೀ ಮನೆಯಲ್ಲೇ ಇದ್ದಾರೆ, ಆದರೆ ಕಣ್ಣು ಲ್ಯಾಪ್‌ಟಾಪಿನ ಮೇಲಿದೆ. ಮಗುವಿಗೆ ಇದು ಅರ್ಥವಾಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಬಂದು ಪರೀಕ್ಷಿಸುತ್ತದೆ. ಕೆಲಸಕ್ಕೆ ಕೂರುವ ಮೊದಲು 20 ನಿಮಿಷ ಫೋನ್ ಬೇರೆ ಕೋಣೆಯಲ್ಲಿಟ್ಟು ನೆಲದ ಮೇಲೆ ಅವರ ಜೊತೆ ಕೂರಿ. ಆಟ ಯಾವುದೆಂದು ಮಗುವೇ ಹೇಳಲಿ, ನೀವು ಪಾಠ ಮಾಡಬೇಡಿ. ಹೊಟ್ಟೆ ತುಂಬಿದ ಮಗು ಊಟ ಕೇಳದ ಹಾಗೆ, ಇದಾದ ಮೇಲೆ ಒಂದಷ್ಟು ಹೊತ್ತು ತಾನೇ ಆಡುತ್ತದೆ. ಆದರೆ ಆ ಹೊತ್ತು ಚಿಕ್ಕದು. 3 ವರ್ಷದವರಿಂದ ಒಮ್ಮೆಗೆ ಹತ್ತು ನಿಮಿಷ, 5 ವರ್ಷದವರಿಂದ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಆದ್ದರಿಂದ ಇಬ್ಬರೂ ಅರ್ಧರ್ಧ ಗಮನ ಕೊಡುವ ಬದಲು ಪಾಳಿ ಹಾಕಿಕೊಳ್ಳಿ. 90 ನಿಮಿಷ ಒಬ್ಬರು ಪೂರ್ತಿ ಮಕ್ಕಳ ಕಡೆ, ಇನ್ನೊಬ್ಬರು ಪೂರ್ತಿ ಕೆಲಸದ ಕಡೆ, ಆಮೇಲೆ ಅದಲುಬದಲು. ಹಿಂದಿನ ರಾತ್ರಿಯೇ ಇಬ್ಬರ ಮೀಟಿಂಗುಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಹೊತ್ತಿಗೆ ಇಬ್ಬರಿಗೂ ಮೀಟಿಂಗ್ ಬಿದ್ದರೆ ಮಕ್ಕಳ ಟಿವಿ ಸಮಯವನ್ನು ಅಲ್ಲಿಗೇ ಉಳಿಸಿಕೊಳ್ಳಿ. ಬಾಗಿಲಿಗೆ ಕೆಂಪು ಹಾಳೆ ಅಂದರೆ ಬರಬಾರದು, ಹಸಿರು ಅಂದರೆ ಬರಬಹುದು. ದಿನವಿಡೀ ಕೆಂಪು ಹಾಳೆಯೇ ತೂಗುತ್ತಿದ್ದರೆ ಅದಕ್ಕೆ ಬೆಲೆ ಇರುವುದಿಲ್ಲ, ಮೀಟಿಂಗ್ ಮುಗಿದ ಕೂಡಲೇ ನೀವೇ ಬದಲಿಸಿ.

ಆಟಿಕೆಗಳನ್ನು ನಾಲ್ಕು ಪೆಟ್ಟಿಗೆಗೆ ಹಂಚಿ ಮೂರನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ, ವಾರಕ್ಕೊಮ್ಮೆ ಬದಲಿಸಿ. ಎಲ್ಲವೂ ಎದುರಿಗಿದ್ದರೆ ಎರಚಾಡುವುದೇ ಆಟವಾಗುತ್ತದೆ.

ಹಿಟ್ಟಿನ ಆಟ ಬಹಳ ಹೊತ್ತು ಹಿಡಿದಿಡುತ್ತದೆ. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, 2 ಚಮಚ ಎಣ್ಣೆ ಬೆರೆಸಿ, ಮುಕ್ಕಾಲು ಲೋಟ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಐದು ನಿಮಿಷ ಚೆನ್ನಾಗಿ ನಾದಿ. ಅಂಟಿದರೆ ಒಂದು ಹಿಡಿ ಹಿಟ್ಟು, ಬಿರುಕು ಬಿಟ್ಟರೆ ಸ್ವಲ್ಪ ಎಣ್ಣೆ. ಉಪ್ಪು ಗಾಳಿಯ ತೇವ ಹೀರುವುದರಿಂದ ತೆರೆದಿಟ್ಟರೆ ಜಿಗುಟಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನುಂಗಿದರೆ ಅಷ್ಟು ಉಪ್ಪು ಒಳ್ಳೆಯದಲ್ಲ, ಹಾಗಾಗಿ ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿಗೆ ಇದು ಬೇಡ.

ಮೈ ದಣಿಯದಿದ್ದರೆ ನಿದ್ದೆಯೂ ಬರದು, ಜಗಳವೂ ನಿಲ್ಲದು. 3–4 ವರ್ಷದವರಿಗೆ ದಿನಕ್ಕೆ ಒಟ್ಟು 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥದ್ದು. ಪುಟ್ಟ ಮನೆಯಲ್ಲೂ ಇದು ಸಾಧ್ಯ. ಬಟ್ಟೆ ತುಂಬಿದ ಬುಟ್ಟಿಯನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ತಳ್ಳುವುದು, ಕುರ್ಚಿಗಳ ಕೆಳಗೆ ತೆವಳುವುದು, ನೆಲಕ್ಕೆ ಟೇಪ್ ಅಂಟಿಸಿ ಗೆರೆಯಿಂದ ಗೆರೆಗೆ ಹಾರುವುದು. ತಳ್ಳುವ, ಎಳೆಯುವ, ಹೊರುವ ಆಟಗಳು ಬರೀ ಓಟಕ್ಕಿಂತ ಬೇಗ ಮನಸ್ಸನ್ನು ತಣಿಸುತ್ತವೆ. ಕಪಾಟು ಹತ್ತಲು ಹೋಗುತ್ತಾರೆ, ಅದನ್ನು ಗೋಡೆಗೆ ಬಿಗಿದುಬಿಡಿ. ನೀರಾಟಕ್ಕೆ ಬಿಟ್ಟರೆ ಪಕ್ಕದಿಂದ ಕದಲಬೇಡಿ. ಪುಟ್ಟ ಮಗು ಮುಳುಗಲು ಎರಡು ಇಂಚು ನೀರೂ ಸಾಕು, ಅದೂ ಸದ್ದಿಲ್ಲದೆ. ಆಟ ಮುಗಿದೊಡನೆ ಬಕೆಟ್ ಬೋರಲು ಹಾಕಿ.

ಮೊಬೈಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ 2–4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಮಿತಿ ಹೇಳುತ್ತದೆ. ಈ ದಿನಗಳಲ್ಲಿ ಕೆಲವೊಮ್ಮೆ ಮೀರಿದರೆ ಕೊರಗಬೇಡಿ, ಆದರೆ ನಿಲ್ಲಿಸುವ ಕ್ರಮ ಸರಿಯಿರಲಿ. ಒಂದು ವಿಡಿಯೋ ಮುಗಿದೊಡನೆ ಮುಂದಿನದು ತಾನೇ ಶುರುವಾಗುವ ಆಟೋಪ್ಲೇ ಮೊದಲೇ ಆಫ್ ಮಾಡಿ. ಕತೆಯ ನಡುವೆ ಕಿತ್ತುಕೊಂಡರೆ ಅಳು ಖಂಡಿತ, ಒಂದು ಕತೆ ಮುಗಿದಾಗ ನಿಲ್ಲಿಸಿ ಮತ್ತು ಮುಂದೇನು ಅನ್ನುವುದನ್ನು ಮುಂಚೆಯೇ ಹೇಳಿ. ಮಲಗುವ ಒಂದು ಗಂಟೆ ಮೊದಲಿನಿಂದ ಬೇಡವೇ ಬೇಡ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗು ಬಿಟ್ಟಿದ್ದ ಅಭ್ಯಾಸಗಳು, ಅಂದರೆ ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ಮತ್ತೆ ಶುರುವಾಗಬಹುದು. ಅದು ಹಟವಲ್ಲ, ಹೆದರಿಕೆ. ಬೈಯಬೇಡಿ, ಸದ್ದಿಲ್ಲದೆ ಹಾಸಿಗೆ ಬದಲಿಸಿ. ವೈರಸ್ ಬಗ್ಗೆ ಕೇಳಿದರೆ ಚಿಕ್ಕದಾದ, ನಿಜವಾದ ಮಾತು ಸಾಕು: 'ಒಬ್ಬರಿಂದ ಒಬ್ಬರಿಗೆ ಬರುವ ಕಾಯಿಲೆ ಇದೆ, ಅದಕ್ಕೇ ಮನೆಯಲ್ಲಿದ್ದೇವೆ, ನಿನ್ನನ್ನು ನಾವು ನೋಡಿಕೊಳ್ಳುತ್ತೇವೆ.' ಊಟ ಮಾಡಿಸಲೆಂದು 'ಕೊರೊನಾ ಬರುತ್ತೆ' ಅಂತ ಹೆದರಿಸುವುದನ್ನು ದಯವಿಟ್ಟು ಮಾಡಬೇಡಿ. ಅಜ್ಜ ಅಜ್ಜಿಯ ವಿಡಿಯೋ ಕಾಲಿನಲ್ಲಿ 'ಮಾತಾಡು, ಮಾತಾಡು' ಅಂದರೆ ಮೂರು ವರ್ಷದ ಮಗು ಓಡಿಹೋಗುತ್ತದೆ. ಅಜ್ಜಿ ಕತೆ ಹೇಳಲಿ, ಅಜ್ಜ ಗೊಂಬೆ ಬಚ್ಚಿಟ್ಟು ತೋರಿಸಲಿ.

ಮನೆಯಲ್ಲೇ ಇರುವಾಗ ಸೋಪು ನೀರಿನಲ್ಲಿ 20 ಸೆಕೆಂಡ್ ಕೈ ತೊಳೆದರೆ ಸಾಕು. ಸ್ಯಾನಿಟೈಸರ್ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಅದರಲ್ಲಿರುವ ಆಲ್ಕೋಹಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕುಡಿದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮತ್ತೆ, ಲಾಕ್‌ಡೌನ್ ಅಂತ ಮಕ್ಕಳ ಮಾಮೂಲಿ ಲಸಿಕೆಗಳನ್ನು ಮುಂದೂಡಬೇಡಿ. ಲಸಿಕೆ ಕಾರ್ಡ್ ಇವತ್ತೇ ತೆಗೆದು ದಿನಾಂಕ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ ಸಮಯ ಕೇಳಿಕೊಂಡು, ಒಬ್ಬರೇ ಮಗುವಿನ ಜೊತೆ ಹೋಗಿ ಬನ್ನಿ.