ಕೋಚ್ ಹುಡುಕಿಕೊಡುವವರಿಗೆ ದುಡ್ಡು ಕೊಡೋದು ಯಾರು?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ವಯಸ್ಸು 48. ಹೋದ ತಿಂಗಳು ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂತು. "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಗಡಿಯಲ್ಲಿದ್ದೀರಿ, ತೂಕ ಇಳಿಸಿ, ನಡೆಯಿರಿ" ಎಂದು ಡಾಕ್ಟರು ಹೇಳಿ ಕಳಿಸಿದರು. ಏನು ಮಾಡಬೇಕು ಅಂತ ಗೊತ್ತು, ಮಾಡೋಕೆ ಆಗ್ತಿಲ್ಲ. ಬೆಂಗಳೂರಿನಲ್ಲಿರುವ ಮಗಳು ಒಂದು ಸೇವೆಯನ್ನು ಹುಡುಕಿದ್ದಾಳೆ. ಅವರು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ, ನನಗೆ ಹೊಂದುವ ಮೂವರು ವೆಲ್‌ನೆಸ್ ಕೋಚ್‌ಗಳ ಹೆಸರು ಕೊಡುತ್ತಾರಂತೆ. ನಮ್ಮಿಂದ ದುಡ್ಡು ತಗೊಳ್ಳಲ್ವಂತೆ. ನಂಬಬಹುದಾ? ಅಥವಾ ಒಬ್ಬ ಡಯಟಿಷಿಯನ್ ಸಾಕಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಗೊತ್ತಿಲ್ಲದಿದ್ದರೆ ಡಯಟಿಷಿಯನ್ ಬೇಕು. ನಿಮಗೆ ಅದು ಗೊತ್ತಿದೆ. ಸಂಜೆ ಆರೂವರೆಗೆ ಬ್ಯಾಂಕಿನಿಂದ ಸುಸ್ತಾಗಿ ಬಂದು ಎದುರಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದಾಗ ಏನು ಮಾಡಬೇಕು ಅನ್ನೋದು ನಿಮ್ಮ ಕಷ್ಟ. ವಾರಕ್ಕೊಮ್ಮೆ ಜೊತೆಗೆ ಕೂತು ಅದನ್ನು ಬಿಡಿಸುವ ಮನುಷ್ಯ ನಿಮಗೆ ಬೇಕು, ಒಳ್ಳೆಯ ಕೋಚ್ ಮಾಡುವ ಕೆಲಸವೇ ಅದು.

ಇದು ಬರೀ ಮಾತಲ್ಲ. ನಿಮ್ಮ ಹಾಗೆ ಗಡಿಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆದು 2002ರಲ್ಲಿ ಫಲಿತಾಂಶ ಬಂತು. ಒಂದು ಗುಂಪಿನಲ್ಲಿ ಪ್ರತಿಯೊಬ್ಬರ ಜೊತೆ ಒಬ್ಬರು ಕೂತು ಮೊದಲ 24 ವಾರದಲ್ಲಿ 16 ಪಾಠ ಮಾಡಿದರು, ಆಮೇಲೂ ಸಂಪರ್ಕದಲ್ಲಿದ್ದರು. ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ಶೇ 7ರಷ್ಟು ಇಳಿಕೆ, ಗುರಿ ಇಷ್ಟೇ. ಸುಮ್ನೆ ಸಾಮಾನ್ಯ ಸಲಹೆ ಮತ್ತು ಔಷಧವಿಲ್ಲದ ಮಾತ್ರೆ ಪಡೆದವರಿಗೆ ಹೋಲಿಸಿದರೆ ಇವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡ ಗುಂಪಿನಲ್ಲಿ ಶೇ 31. ನಮ್ಮ ದೇಶದಲ್ಲಿ ಚೆನ್ನೈನವರು ಮಾಡಿದ ಇಂಥದ್ದೇ ಅಧ್ಯಯನ 2006ರಲ್ಲಿ ಪ್ರಕಟವಾಯಿತು, ಅಲ್ಲಿ ಜೀವನಶೈಲಿ ಬದಲಿಸಿದವರಲ್ಲಿ ಇಳಿಕೆ ಶೇ 28.5. ಅಮೆರಿಕದಷ್ಟು ಇಲ್ಲ, ಆದರೂ ಕಡಿಮೆಯೇನಲ್ಲ. ಹಾಗಾಗಿ ನಿಮ್ಮ ಮಗಳು ಹಿಡಿದಿರುವ ದಾರಿ ಸರಿಯಾಗಿದೆ.

ಈಗ ಆ ಸೇವೆಯ ವಿಷಯ. ಮೊದಲ ಫೋನಿನಲ್ಲೇ ಕೇಳಿ: "ನಮ್ಮಿಂದ ತಗೊಳ್ಳಲ್ಲ ಅಂದರೆ ನಿಮಗೆ ದುಡ್ಡು ಯಾರು ಕೊಡ್ತಾರೆ?" ಸಂಕೋಚ ಬೇಡ. ಸಾಮಾನ್ಯವಾಗಿ ಕೋಚ್‌ಗಳೇ ಕೊಡುತ್ತಾರೆ, ಪಟ್ಟಿಯಲ್ಲಿರೋಕೆ ವರ್ಷಕ್ಕಿಷ್ಟು ಅಂತಲೋ, ಒಬ್ಬ ಗಿರಾಕಿ ಸಿಕ್ಕರೆ ಇಷ್ಟು ಕಮಿಷನ್ ಅಂತಲೋ. ಅದರಲ್ಲಿ ತಪ್ಪಿಲ್ಲ, ಮದುವೆ ಮಾಡಿಸುವ ದಲ್ಲಾಳಿಗೂ ಯಾವುದೋ ಒಂದು ಕಡೆಯಿಂದ ಬರಲೇಬೇಕಲ್ಲ. ಆದರೆ ಯಾವ ಕಡೆಯಿಂದ ಅಂತ ನಿಮಗೆ ಗೊತ್ತಿರಬೇಕು. ವರ್ಷದ ಚಂದಾ ಕೊಟ್ಟವರೆಲ್ಲರಿಗೂ ಒಂದೇ ರೀತಿ ಅವಕಾಶ ಇದ್ದರೆ ಚಿಂತೆ ಕಡಿಮೆ. ನೀವು ಆರು ತಿಂಗಳ ಪ್ಯಾಕೇಜ್ ತಗೊಂಡರೆ ಅವರಿಗೆ ಜಾಸ್ತಿ ಕಮಿಷನ್ ಬರುತ್ತದೆ ಅನ್ನೋದಾದರೆ ಅವರು ಕೊಡುವ ಮೂರು ಹೆಸರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಉತ್ತರ ಹೇಳದೆ ಮಾತು ಹಾರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಇಂಥ ಸೇವೆಗಳಿಂದ ನಿಜವಾದ ಉಪಯೋಗ ಇದೆ ಅಂತಲೇ ನನ್ನ ಅಭಿಪ್ರಾಯ. ಕನ್ನಡದಲ್ಲಿ ಮಾತಾಡುವವರು, ಬೆಳಗ್ಗೆ ಏಳಕ್ಕೆ ಸಿಗುವವರು, ರೊಟ್ಟಿ ಮುದ್ದೆ ಅಂದರೆ ಏನು ಅಂತ ಗೊತ್ತಿರುವವರು, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಜೊತೆ ಕೆಲಸ ಮಾಡಿದವರು, ತಿಂಗಳಿಗೆ ನಿಮ್ಮ ಕೈಗೆಟುಕುವ ಫೀಸ್ ತಗೊಳ್ಳುವವರು. ಇದನ್ನೆಲ್ಲ ನೀವೊಬ್ಬರೇ ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕುತ್ತಾ ಕೂತರೆ ಮುಗಿಯುವ ಕೆಲಸವಲ್ಲ, ಅಲ್ಲಿ ಜಾಸ್ತಿ ಕಣ್ಣಿಗೆ ಬೀಳುವುದು ಚೆನ್ನಾಗಿ ವಿಡಿಯೋ ಮಾಡುವವರು. ಹೊಂದಿಸುವವರು ಆ ಹುಡುಕಾಟದ ಹೊರೆ ಇಳಿಸುತ್ತಾರೆ. ಆದ್ದರಿಂದ ಅವರಿಗೆ ನಿಮ್ಮ ಬಗ್ಗೆ ಬಿಚ್ಚಿ ಹೇಳಿ. "ತೂಕ ಇಳಿಸಬೇಕು" ಅಂದರೆ ಯಾರನ್ನು ಬೇಕಾದರೂ ಕೊಡುತ್ತಾರೆ. "ಮೂರು ಸಲ ಶುರು ಮಾಡಿ ಮೂರನೇ ವಾರಕ್ಕೇ ಬಿಟ್ಟೆ, ಬೈದು ಹೇಳಿದರೆ ನನಗೆ ಆಗಲ್ಲ, ಮನೆಯಲ್ಲಿ ಅತ್ತೆಯವರಿಗೆ ಬೇರೆ ಅಡುಗೆ ಮಾಡಬೇಕು" ಅಂತ ಹೇಳಿದರೆ ಸರಿಯಾದವರು ಸಿಗುವ ಸಾಧ್ಯತೆ ಜಾಸ್ತಿ.

ಹೊಂದಿಸುವವರು ಒಳ್ಳೆಯವರೋ ಅಲ್ಲವೋ ಅಂತ ತಿಳಿಯೋಕೆ ಇನ್ನೊಂದು ದಾರಿ ಇದೆ. ಮಾತ್ರೆ ತಗೋತೀರಾ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಅಂತ ಅವರು ಕೇಳಬೇಕು, ಮತ್ತು ಕೆಲವರಿಗೆ "ನಿಮಗೆ ಈಗ ಕೋಚ್ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ" ಅಂತ ಹೇಳುವ ಧೈರ್ಯ ಅವರಿಗಿರಬೇಕು. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ಅಳು ಬರುತ್ತದೆ ಅನ್ನುವವರನ್ನೂ ಕೋಚ್‌ಗೆ ಜೋಡಿಸುವ ಸೇವೆ ಅಪಾಯದ್ದು. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಆರಿಸಿಕೊಳ್ಳುವವರು ನೀವೇ. ನಮ್ಮ ದೇಶದಲ್ಲಿ ವೆಲ್‌ನೆಸ್ ಕೋಚ್ ಅಂತ ಬೋರ್ಡ್ ಹಾಕೋಕೆ ಲೈಸೆನ್ಸ್ ಬೇಕಿಲ್ಲ, ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕುತ್ತಾರೆ. ಡಯಟಿಷಿಯನ್ ಆದರೆ ಆರ್‌ಡಿ, ಅಂದರೆ ರಿಜಿಸ್ಟರ್ಡ್ ಡಯಟಿಷಿಯನ್ ಅರ್ಹತೆ ಇದೆಯಾ ಅಂತ ಕೇಳಬಹುದು, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಕೇಳಬಹುದು. ಕೋಚ್‌ಗೆ ಹಾಗೆ ಒಂದೇ ಮಾತಲ್ಲಿ ಕೇಳಿ ಮುಗಿಸುವಂಥದ್ದು ಇಲ್ಲ. ಅದಕ್ಕೇ ಮೂವರ ಹತ್ತಿರವೂ ಹದಿನೈದಿಪ್ಪತ್ತು ನಿಮಿಷ ಮಾತಾಡಿ. ಎಲ್ಲಿ, ಎಷ್ಟು ತಿಂಗಳು ಕಲಿತಿರಿ, ಯಾವ ವಿಷಯ ಬಂದರೆ ನೀವು ಡಾಕ್ಟರ ಹತ್ತಿರ ಕಳಿಸುತ್ತೀರಿ, ಏನಾದರೂ ಮಾರುತ್ತೀರಾ ಅಂತ ಕೇಳಿ. ಆ ಹೊತ್ತಿನಲ್ಲಿ ಅವರು ಜಾಸ್ತಿ ಮಾತಾಡಿದರೋ, ನೀವು ಜಾಸ್ತಿ ಮಾತಾಡಿದಿರೋ ಗಮನಿಸಿ. ನಿಮ್ಮ ದಿನ ಹೇಗೆ ಸಾಗುತ್ತದೆ ಅಂತಲೇ ಕೇಳದೆ ಪ್ಲಾನ್ ಕೊಡುವವರು ಬೇಡ. ದುಡ್ಡನ್ನು ಒಂದೇ ಸಲ ಆರು ತಿಂಗಳಿಗೆ ಕಟ್ಟಬೇಡಿ, ಒಂದು ತಿಂಗಳು ಕಟ್ಟಿ. ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ಮಾಡಿಸಿ ನಿಮ್ಮ ಡಾಕ್ಟರಿಗೆ ತೋರಿಸಿ. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ, ಅದಕ್ಕಿಂತ ಮೊದಲೇ ಮಾಡಿಸಿದರೆ ಬದಲಾವಣೆ ಪೂರ್ತಿ ಕಾಣುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಕೆಲಸ ಮಾಡುತ್ತೇನೆ, ಊರು ಶಿವಮೊಗ್ಗ. ನಮ್ಮ ಕಂಪನಿಯ ಆರೋಗ್ಯ ಸವಲತ್ತಿನಲ್ಲಿ ಒಂದು ಫಾರ್ಮ್ ತುಂಬಿದರೆ ಕೋಚ್ ಒಬ್ಬರನ್ನು ಹೊಂದಿಸಿ ಕೊಡುತ್ತಾರೆ. ನನಗೆ ಸಿಕ್ಕವರು ತುಂಬಾ ಒಳ್ಳೆಯವರು, ಆದರೆ ಅನ್ನ ಸಾರು ಅಂದರೆ ಅವರಿಗೆ ಅರ್ಥವಾಗಲ್ಲ. ಬದಲಿಸಿ ಅಂದರೆ ಬೇಜಾರಾಗುತ್ತಾರಾ? ನಾನು ಹೇಳಿದ್ದೆಲ್ಲ ಆಫೀಸಿಗೆ ಗೊತ್ತಾಗುತ್ತದಾ?
– ಓದುಗ, ಟೆಕ್ಸಾಸ್

ಉತ್ತರ: ಬದಲಿಸಿ ಅಂತ ಕೇಳಿ. ಅದು ಅವರಿಗೆ ದಿನವೂ ಬರುವ ಮಾತು. ಆದರೆ ಮೊದಲು ಒಂದು ಸಲ, ಊಟದ ಫೋಟೋ ಕಳಿಸಿ ನೋಡಿ. ಗೊತ್ತಿಲ್ಲದ ಊಟದ ಬಗ್ಗೆ ಆಸಕ್ತಿಯಿಂದ ಕೇಳುವ ಕೋಚ್ ಆದರೆ ಇರಲಿ ಬಿಡಿ, ನಿದ್ದೆ, ನಡಿಗೆ, ಕೆಲಸದ ಒತ್ತಡಕ್ಕೆ ಅನ್ನ ಸಾರು ಅಡ್ಡ ಬರುವುದಿಲ್ಲ. ಅನ್ನ ಬಿಟ್ಟು ಕಿನೋವಾ ತಿನ್ನಿ ಅಂತ ಪ್ರತಿ ವಾರ ಹೇಳುವವರಾದರೆ ಬದಲಿಸಿ. ಅಲ್ಲಿ ನಿಮಗೊಂದು ಅನುಕೂಲ ಇದೆ, ಎನ್‌ಬಿಎಚ್‌ಡಬ್ಲ್ಯುಸಿ ಅನ್ನುವ ರಾಷ್ಟ್ರೀಯ ಮಂಡಳಿ 2017ರಿಂದ ಆರೋಗ್ಯ ಕೋಚ್‌ಗಳಿಗೆ ಪರೀಕ್ಷೆ ನಡೆಸುತ್ತಿದೆ. ಅದು ಪಾಸಾದವರೇ ಬೇಕು ಅಂತ ಫಾರ್ಮ್‌ನಲ್ಲಿ ಬರೆಯಿರಿ.

ಗುಟ್ಟಿನ ವಿಷಯಕ್ಕೆ ಹಗುರವಾದ ಉತ್ತರ ಇಲ್ಲ. ಈ ಸವಲತ್ತು ನಿಮ್ಮ ಆರೋಗ್ಯ ವಿಮೆಯ ಭಾಗವಾಗಿ ಬಂದಿದ್ದರೆ ಆರೋಗ್ಯ ಮಾಹಿತಿಯ ಗುಟ್ಟು ಕಾಯುವ ಅಲ್ಲಿನ ಹಿಪಾ ಕಾನೂನಿನ ರಕ್ಷಣೆ ಇರುತ್ತದೆ. ಕಂಪನಿಯೇ ನೇರವಾಗಿ ಕೊಟ್ಟಿದ್ದರೆ ಆ ರಕ್ಷಣೆ ಇಲ್ಲದಿರಬಹುದು. "ನನ್ನ ಹೆಸರಿನ ಜೊತೆ ಯಾವ ಮಾಹಿತಿ ಕಂಪನಿಗೆ ಹೋಗುತ್ತದೆ" ಅಂತ ಈಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ಬರಲಿ. ಬರುವವರೆಗೆ ಕೆಲಸ ಬಿಡುವ ಯೋಚನೆ, ಬಾಸ್ ಮೇಲಿನ ಸಿಟ್ಟು ಇವನ್ನು ಅಲ್ಲಿ ಹೇಳಬೇಡಿ.

ಪ್ರಶ್ನೆ: ನಮ್ಮ ಬೀದಿಯ ಪರಿಚಯದ ಅಕ್ಕ ವೆಲ್‌ನೆಸ್ ಕೋಚ್. ಬೆಳಗ್ಗೆ ತಿಂಡಿ ಬಿಟ್ಟು ಶೇಕ್ ಕುಡಿಯಿರಿ, ಮೂರು ತಿಂಗಳಲ್ಲಿ ಶುಗರ್ ಹೋಗುತ್ತೆ, ಮಾತ್ರೆ ನಿಲ್ಲಿಸಬಹುದು ಅಂತ ನಮ್ಮ ಯಜಮಾನರಿಗೆ ಹೇಳಿದ್ದಾರೆ. ಅವರು ಶುಗರ್‌ಗೆ ಗ್ಲಿಮಿಪಿರೈಡ್ ಮಾತ್ರೆ ತಗೋತಾರೆ. ಪುಡಿಯ ಡಬ್ಬ ಈಗಾಗಲೇ ತಂದಾಗಿದೆ.
– ಓದುಗರು, ತುಮಕೂರು

ಉತ್ತರ: ಮಾತ್ರೆ ನಿಲ್ಲಿಸುವುದು ಡಾಕ್ಟರ ತೀರ್ಮಾನ, ಕೋಚ್‌ದಲ್ಲ. ಇನ್ನೊಂದು ಅಪಾಯವನ್ನೂ ಗಮನಿಸಿ: ಗ್ಲಿಮಿಪಿರೈಡ್ ತಗೊಂಡು ತಿಂಡಿ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿದುಬಿಡಬಹುದು. ಕೈ ನಡುಕ, ಬೆವರು, ತಲೆ ಸುತ್ತು ಬಂದರೆ ತಕ್ಷಣ ಸಕ್ಕರೆ ನೀರು ಕೊಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಶೇಕ್ ವಿಷಯವನ್ನು ಇವತ್ತೇ ಡಾಕ್ಟರಿಗೆ ಹೇಳಿ, ಡಬ್ಬವನ್ನೂ ಜೊತೆಗೆ ತಗೊಂಡು ಹೋಗಿ, ಅವರು ಏನಾದರೂ ಹೇಳುವವರೆಗೆ ಎಂದಿನ ತಿಂಡಿ, ಎಂದಿನ ಮಾತ್ರೆ.

ಆ ಅಕ್ಕನ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಪುಡಿ ಖರ್ಚಾದರೆ ಅವರಿಗೆ ಲಾಭ ಅಂದಮೇಲೆ ಆ ಸಲಹೆಯನ್ನು ಸಲಹೆ ಅಂತ ತಗೊಳ್ಳೋಕೆ ಆಗುವುದಿಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆದಿದೆ, ಅಷ್ಟು ಹಳೆಯ ಮೋಸ ಇದು. "ಡಾಕ್ಟರು ಬೇಡ ಅಂದರು ಅಕ್ಕ" ಅಂತ ಹೇಳಿ, ಜಗಳ ಬೇಕಾಗಿಲ್ಲ. ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.