ಜೇಬಿನಲ್ಲಿಟ್ಟ ರಿವಾಲ್ವರ್‌ನಿಂದ ತಾನಾಗಿಯೇ ಗುಂಡು ಹಾರುತ್ತಾ?

ವಿಜಯಪುರದ ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಶ್ನೆ ಇದು. ಲೈಸೆನ್ಸ್ ಇದೆ, ಸಣ್ಣ ರಿವಾಲ್ವರ್ ಜುಬ್ಬಾದ ಜೇಬಿನಲ್ಲಿರುತ್ತದಂತೆ.

ತಾನಾಗಿಯೇ ಹಾರುವುದಿಲ್ಲ. ಟ್ರಿಗರ್‌ಗೆ ಏನಾದರೂ ಸಿಕ್ಕಿಕೊಂಡರೆ ಹಾರಬಹುದು. ಅದಕ್ಕೇ ಬರೀ ಜೇಬು ಸಾಲದು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ (ಕೈಬಂದೂಕಿನ ಒರೆ) ಬೇಕು.

ಈಗಿನ ಹೆಚ್ಚಿನ ರಿವಾಲ್ವರ್‌ಗಳಲ್ಲಿ ಟ್ರಿಗರ್‌ನ ಒಂದೇ ಎಳೆತ ಗುಂಡಿನ ಉರುಳೆ ತಿರುಗಿಸುತ್ತದೆ, ಹಿಂದಿನ ಸುತ್ತಿಗೆಯನ್ನು (ಹ್ಯಾಮರ್) ಎತ್ತುತ್ತದೆ, ಆಮೇಲೆ ಬಿಡುತ್ತದೆ. ಇಷ್ಟೆಲ್ಲಾ ಮಾಡಬೇಕಾದ್ದರಿಂದ ಎಳೆತ ಉದ್ದ, ಬಿಗಿ. ಆ ಬಿಗಿಯೇ ಅದರ ಕಾವಲು. ಆದರೆ ಹೆಬ್ಬೆರಳಿನಿಂದ ಹ್ಯಾಮರ್ ಎಳೆದಿಟ್ಟರೆ ಆ ಕಾವಲು ಹೋಯಿತು, ಆಮೇಲೆ ಸಣ್ಣ ಒತ್ತು ಸಾಕು. ಜೇಬಿನಲ್ಲಿ ಎಲೆ-ಅಡಿಕೆ ಚಂಚಿ, ಬೈಕಿನ ಕೀ ಎಲ್ಲಾ ಒಟ್ಟಿಗೆ ಇರುತ್ತವಲ್ವಾ? ಆ ಕೀ ಟ್ರಿಗರ್ ಬಳೆಯೊಳಗೆ ತೂರುವುದು ದೊಡ್ಡ ಮಾತಲ್ಲ.

ಅಜ್ಜನ ಕಾಲದ್ದಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಕೆಲವು ಹಳೆಯವುಗಳಲ್ಲಿ ಹ್ಯಾಮರ್‌ನ ಮೊಳೆ ನೇರ ಗುಂಡಿನ ಬೆನ್ನಿಗೇ ತಾಗಿರುತ್ತದೆ. ಕೆಳಗೆ ಬಿದ್ದು ಹ್ಯಾಮರ್‌ಗೆ ಏಟು ಬಿದ್ದರೆ ಢಂ! ಹಾಗಾಗಿ ಉರುಳೆಯಲ್ಲಿ ಹ್ಯಾಮರ್‌ನ ಎದುರಿಗೆ ಬರುವ ತೂತಿಗೆ ಗುಂಡು ತುಂಬದೆ ಖಾಲಿ ಬಿಡುವುದು ಹಳಬರ ರೂಢಿ. ಹೊಸವುಗಳಲ್ಲಿ ಇದಕ್ಕೆ ಒಳಗೇ ತಡೆ ಇರುತ್ತದೆ.

2016ರ ಶಸ್ತ್ರಾಸ್ತ್ರ ನಿಯಮವೂ ಇದನ್ನೇ ಹೇಳುತ್ತದೆ: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್ಸ್ಟರ್‌ ಅಥವಾ ಅಂಥದ್ದೇ ಚೀಲದಲ್ಲಿ, ಪೂರ್ತಿ ಮುಚ್ಚಿರಬೇಕು. ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋಗುವ ಹಾಗಿಲ್ಲ.